ಐವತ್ತು ದಾಟಿದ ಯುರೋಪು: ಒಂದು ಸಮೀಕ್ಷೆಯ ಚರಿತ್ರೆ

20ನೆಯ ಶತಮಾನ ಮುಗಿಯುವ ಹೊತ್ತಿಗೆ ಯುರೋಪಿನ ಬಹುತೇಕ ದೇಶಗಳಲ್ಲಿ ಹುಟ್ಟುವ ಮಕ್ಕಳು ಕಡಿಮೆಯಾಗಿದ್ದರು, ಜನರ ಆಯಸ್ಸು ಹೆಚ್ಚಿತ್ತು. ಜರ್ಮನಿ, ಫ್ರಾನ್ಸ್, ಇಟಲಿಯಂಥ ದೇಶಗಳಲ್ಲಿ ಪಿಂಚಣಿಯ ಹಣ ಮುಖ್ಯವಾಗಿ ಬರುವುದು ಈಗ ದುಡಿಯುತ್ತಿರುವವರ ವಂತಿಗೆಯಿಂದ. ವಂತಿಗೆ ಕಟ್ಟುವವರಿಗೆ ಹೋಲಿಸಿದರೆ ಪಿಂಚಣಿ ಪಡೆಯುವವರ ಪ್ರಮಾಣ ಏರುತ್ತಲೇ ಇತ್ತು. ನಿವೃತ್ತಿಯ ವಯಸ್ಸನ್ನು ಮುಂದಕ್ಕೆ ಹಾಕಬೇಕೆ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಹೇಳಲು ಅರವತ್ತರ ಆಸುಪಾಸಿನವರಿಗೆ ದುಡಿಯುವ ತ್ರಾಣ ಎಷ್ಟಿದೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರಿದ್ದಾರೆ, ಕೂಡಿಟ್ಟ ಹಣ ಎಷ್ಟಿದೆ ಎಂಬ ಮೂರೂ ತಿಳಿಯಬೇಕಿತ್ತು. ಆಸ್ಪತ್ರೆಯ ದಾಖಲೆಯಲ್ಲಿ ರೋಗದ ವಿವರ ಸಿಗುತ್ತಿತ್ತು, ತೆರಿಗೆ ಕಡತದಲ್ಲಿ ವರಮಾನ ಸಿಗುತ್ತಿತ್ತು. ಒಬ್ಬರ ಬದುಕಿನಲ್ಲಿ ಇವು ಹೇಗೆ ಹೆಣೆದುಕೊಂಡಿವೆ ಎಂಬುದು ಎಲ್ಲಿಯೂ ಒಟ್ಟಿಗೆ ಸಿಗುತ್ತಿರಲಿಲ್ಲ.

ಮಾದರಿಗಳು ಬೇರೆಡೆ ಇದ್ದವು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯ 1992ರಲ್ಲಿ ಆರೋಗ್ಯ ಮತ್ತು ನಿವೃತ್ತಿಯ ಅಧ್ಯಯನವನ್ನು ಆರಂಭಿಸಿತ್ತು. ಇಂಗ್ಲೆಂಡಿನಲ್ಲಿ 2002ರಲ್ಲಿ ಅಂಥದೇ ಕೆಲಸ ಶುರುವಾಯಿತು. ಜರ್ಮನಿಯ ಮಾನ್‌ಹೈಮ್‌ನಲ್ಲಿದ್ದ ಅರ್ಥಶಾಸ್ತ್ರಜ್ಞ ಆಕ್ಸೆಲ್ ಬೋರ್ಶ್-ಸೂಪಾನ್ ಅವರ ನೇತೃತ್ವದಲ್ಲಿ, ಯುರೋಪಿಯನ್ ಆಯೋಗದ ನೆರವಿನಿಂದ, 2004ರಲ್ಲಿ ‘ಶೇರ್’ ಎಂಬ ಸಮೀಕ್ಷೆ ಮನೆಬಾಗಿಲಿಗೆ ಹೊರಟಿತು. ಮೊದಲ ಸುತ್ತಿನಲ್ಲಿ ಸ್ವೀಡನ್, ಡೆನ್ಮಾರ್ಕ್‌ನಿಂದ ಸ್ಪೇನ್, ಗ್ರೀಸ್‌ವರೆಗೆ 11 ಯುರೋಪಿಯನ್ ದೇಶಗಳಿದ್ದವು; ಸ್ವಲ್ಪದರಲ್ಲೇ ಇಸ್ರೇಲೂ ಸೇರಿತು. ಕೇಳಬೇಕಾದವರು 50 ವರ್ಷ ದಾಟಿದವರು ಮತ್ತು ಅವರ ಸಂಗಾತಿಗಳು. ಎಲ್ಲ ದೇಶಗಳಲ್ಲೂ ಒಂದೇ ಪ್ರಶ್ನಾವಳಿ, ಸುಮಾರು ಎರಡು ವರ್ಷಕ್ಕೊಮ್ಮೆ ಅದೇ ಜನರ ಭೇಟಿ: ಈ ಎರಡು ನಿಯಮಗಳೇ ಸಮೀಕ್ಷೆಯ ಬೆನ್ನೆಲುಬು.

ಸಂದರ್ಶಕರು ಲ್ಯಾಪ್‌ಟಾಪ್ ಹಿಡಿದು ಮನೆಗೇ ಬರುತ್ತಾರೆ. ಹತ್ತು ಪದಗಳನ್ನು ಓದಿ, ನೆನಪಿದ್ದಷ್ಟನ್ನು ಹೇಳಿಸುತ್ತಾರೆ. ನಡುವೆ ಬೇರೆ ಪ್ರಶ್ನೆಗಳನ್ನು ಕೇಳಿ, ಅದೇ ಪಟ್ಟಿಯನ್ನು ಇನ್ನೊಮ್ಮೆ ಹೇಳಲು ಕೋರುತ್ತಾರೆ. ಡೈನಮೋಮೀಟರ್ ಎಂಬ ಉಪಕರಣವನ್ನು ಒಂದೊಂದು ಕೈಯಲ್ಲೂ ಎರಡೆರಡು ಬಾರಿ ಬಲವಾಗಿ ಹಿಸುಕಿಸಿ ಹಿಡಿತದ ಶಕ್ತಿಯನ್ನು ಬರೆದುಕೊಳ್ಳುತ್ತಾರೆ. ಮಕ್ಕಳು ಎಷ್ಟು ದೂರದಲ್ಲಿದ್ದಾರೆ, ಮೊಮ್ಮಕ್ಕಳನ್ನು ನೋಡಿಕೊಳ್ಳುವವರು ಯಾರು, ಯಾರು ಯಾರಿಗೆ ಹಣ ಕೊಟ್ಟರು ಎಂಬುದೂ ದಾಖಲಾಗುತ್ತದೆ. ಉಳಿತಾಯದ ಮೊತ್ತವನ್ನು ಹೇಳಲು ಹಿಂಜರಿದರೆ, ಅದು ಇಂತಿಷ್ಟಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳುತ್ತಾ ಅಂದಾಜಿಗೆ ಬರುತ್ತಾರೆ.

ಹೀಗೆ ಅಳೆದು ನೋಡುವ ಅಗತ್ಯ ಮೊದಲ ಸುತ್ತಿನಲ್ಲೇ ರುಜುವಾತಾಯಿತು. ಆರೋಗ್ಯ ಹೇಗಿದೆ ಎಂದು ಬರೀ ಬಾಯಿಮಾತಿನಲ್ಲಿ ಕೇಳಿದರೆ ಡೆನ್ಮಾರ್ಕ್, ಸ್ವೀಡನ್ನಿನವರು ತಮ್ಮದನ್ನು ತುಸು ಹೆಚ್ಚಿಸಿಯೂ, ಜರ್ಮನ್ನರು ಇಳಿಸಿಯೂ ಹೇಳುತ್ತಿದ್ದರು. ರೋಗಗಳ ಪಟ್ಟಿ ಮತ್ತು ಹಿಡಿತದ ಬಲವನ್ನು ಸೇರಿಸಿ ನೋಡಿದಾಗ ದೇಶಗಳ ನಡುವಿನ ಅಂತರ ಬಹಳಷ್ಟು ಕುಗ್ಗಿತು.

ಕುಟುಂಬದ ಬಗೆಗಿನ ಒಂದು ನಂಬಿಕೆಯೂ ತಿದ್ದುಪಡಿ ಕಂಡಿತು. ಸರ್ಕಾರ ಸೇವೆ ಒದಗಿಸಿದರೆ ಮಕ್ಕಳು ತಂದೆತಾಯಿಗಳ ಕೈಬಿಡುತ್ತಾರೆ ಎಂಬ ವಾದವಿತ್ತು. ದಕ್ಷಿಣದ ಇಟಲಿ, ಸ್ಪೇನ್‌ಗಳಲ್ಲಿ ಬೆಳೆದ ಮಕ್ಕಳು ಹೆತ್ತವರ ಜೊತೆಯಲ್ಲೋ ಹತ್ತಿರದಲ್ಲೋ ಇರುವುದು ಹೆಚ್ಚು. ಹಾಸಿಗೆ ಹಿಡಿದವರ ದಿನನಿತ್ಯದ ಆರೈಕೆಯ ಭಾರ ಹೆಚ್ಚಾಗಿ ಕುಟುಂಬದ ಮೇಲೆಯೇ. ಉತ್ತರದಲ್ಲಿ ಆ ಭಾರವನ್ನು ಬಹುಮಟ್ಟಿಗೆ ಸರ್ಕಾರಿ ಸೇವೆ ಹೊರುತ್ತದೆ. ಆದರೂ ಅಲ್ಲಿನ ಮಕ್ಕಳು ದೂರವಾಗಿಲ್ಲ: ಮನೆಗೆಲಸ, ಕಾಗದಪತ್ರ, ಓಡಾಟಗಳಲ್ಲಿ ನೆರವಾಗುವವರ ಪ್ರಮಾಣ ಅಲ್ಲಿಯೇ ಹೆಚ್ಚು.

2008–09ರ ಮೂರನೆಯ ಸುತ್ತು ಹಿಂದಿನ ಬದುಕಿನತ್ತ ತಿರುಗಿತು. ಹತ್ತನೆಯ ವಯಸ್ಸಿನಲ್ಲಿದ್ದ ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ಪುಸ್ತಕ, ಹಸಿವಿನ ದಿನಗಳಿದ್ದವೇ ಎಂದು ಕೇಳಲಾಯಿತು. ಈ ಉತ್ತರಗಳನ್ನು ಆಧರಿಸಿದ ಸಂಶೋಧನೆ, ಎರಡನೆಯ ಮಹಾಯುದ್ಧವನ್ನು ಕಂಡುಂಡವರಲ್ಲಿ ಇಳಿವಯಸ್ಸಿನ ಮಧುಮೇಹ ಮತ್ತು ಖಿನ್ನತೆ ಹೆಚ್ಚೆಂದು ತೋರಿಸಿತು. 2010ರ ಇನ್ನೊಂದು ಅಧ್ಯಯನ ಅಮೆರಿಕ, ಇಂಗ್ಲೆಂಡ್, ಯುರೋಪಿನ ಅಂಕಿಅಂಶಗಳನ್ನು ಜೋಡಿಸಿ, ಬೇಗ ನಿವೃತ್ತಿಗೆ ದಾರಿಯಿರುವ ದೇಶಗಳಲ್ಲಿ ಅರವತ್ತು ದಾಟಿದವರ ನೆನಪಿನ ಅಂಕಗಳು ಕಡಿಮೆ ಎಂದಿತು. ನೆನಪು ಕುಂದಿದ್ದರಿಂದಲೇ ನಿವೃತ್ತರಾದರೋ, ನಿವೃತ್ತಿಯಿಂದ ನೆನಪು ಕುಂದಿತೋ ಎಂಬ ಚರ್ಚೆ ಆಮೇಲೂ ನಡೆಯಿತು.

ಸಂಸ್ಥೆಯೂ ಬೆಳೆಯಿತು. 2011ರಲ್ಲಿ ಯುರೋಪಿಯನ್ ಒಕ್ಕೂಟದ ಸಂಶೋಧನಾ ಮೂಲಸೌಕರ್ಯ ಒಕ್ಕೂಟವೆಂಬ ಹೊಸ ಕಾನೂನು ಸ್ಥಾನಮಾನ ಎಲ್ಲರಿಗಿಂತ ಮೊದಲು ದೊರೆತದ್ದು ಇದಕ್ಕೇ. ಅದೇ ವರ್ಷ ಸಮನ್ವಯ ಕಚೇರಿ ಮ್ಯೂನಿಕ್‌ಗೆ ಹೋಯಿತು. 2015ರ ಸುತ್ತಿನಲ್ಲಿ ಹಲವು ದೇಶಗಳಲ್ಲಿ ಬೆರಳ ತುದಿಯ ರಕ್ತದ ಹನಿಗಳನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷೆಗೆ ಸಂಗ್ರಹಿಸಿದರು. 2017ರಲ್ಲಿ ಬಲ್ಗೇರಿಯಾ, ರೊಮೇನಿಯಾ, ಫಿನ್ಲೆಂಡ್ ಮೊದಲಾದ 8 ದೇಶಗಳು ಸೇರಿದವು. 2020ರ ಮಾರ್ಚ್‌ನಲ್ಲಿ ಕೋವಿಡ್ ಮನೆಭೇಟಿಗಳನ್ನು ನಿಲ್ಲಿಸಿದಾಗ, ಕೆಲವೇ ತಿಂಗಳಲ್ಲಿ ದೂರವಾಣಿ ಸಂದರ್ಶನ ಶುರುವಾಗಿ, ಚಿಕಿತ್ಸೆ ಮುಂದೂಡಿದವರ ವಿವರ ಸಿಕ್ಕಿತು.

ಇಂಥ ಅಧ್ಯಯನದ ಮುಖ್ಯ ಕೊರತೆ, ಸುತ್ತಿನಿಂದ ಸುತ್ತಿಗೆ ಜನ ಕಳಚಿಕೊಳ್ಳುವುದು. ಹೊಸಬರನ್ನು ಸೇರಿಸಿ ಅದನ್ನು ಸರಿದೂಗಿಸುತ್ತಾರೆ. ತೀರಿಕೊಂಡವರ ವಿಷಯದಲ್ಲಿ, ಕೊನೆಯ ವರ್ಷದ ಆರೈಕೆ, ಖರ್ಚು, ಆಸ್ತಿಯ ಹಂಚಿಕೆಯನ್ನು ಹತ್ತಿರದವರಿಂದ ಕೇಳಿ ದಾಖಲಿಸುತ್ತಾರೆ.

ಈ ಪದ್ಧತಿ ಏಷ್ಯಾಕ್ಕೂ ಬಂದಿದೆ. ಕೊರಿಯಾ, ಜಪಾನ್, ಚೀನಾಗಳ ನಂತರ ಭಾರತದ ‘ಲಾಸಿ’ ಅಧ್ಯಯನದ ಪೂರ್ವಪರೀಕ್ಷೆ 2010ರಲ್ಲಿ ಕರ್ನಾಟಕ, ಕೇರಳ, ಪಂಜಾಬ್, ರಾಜಸ್ಥಾನಗಳಲ್ಲಿ ನಡೆಯಿತು. 2017–18ರ ಮೊದಲ ಸುತ್ತು 45 ವರ್ಷ ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡಿತು. ಪ್ರಶ್ನೆಗಳನ್ನು ಯುರೋಪು, ಅಮೆರಿಕದ ಅಧ್ಯಯನಗಳೊಂದಿಗೆ ಹೋಲಿಸಲು ಬರುವಂತೆ ರೂಪಿಸಿರುವುದರಿಂದ, ಇಲ್ಲಿಯ ಮುಪ್ಪನ್ನೂ ಅಲ್ಲಿಯ ಮುಪ್ಪನ್ನೂ ಒಂದೇ ಅಳತೆಯಲ್ಲಿ ಪರಿಶೀಲಿಸುವುದು ಸಾಧ್ಯವಾಗಿದೆ.