ಉಗಿಯಂತ್ರದ ಮಾದರಿಯಲ್ಲಿ ಬಡಿತದ ಸದ್ದು



ತರಗತಿಯ ಮೇಜಿನ ಮೇಲೆ ಓಡುತ್ತಿರುವ ಪುಟ್ಟ ಉಗಿಯಂತ್ರವು ‘ಟಕ್ ಟಕ್’ ಎಂದು ಬಡಿಯತೊಡಗಿದರೆ ಮೊದಲು ಕೈಗೆ ಬರುವುದು ಸ್ಪ್ಯಾನರು. ಕಂಡ ತಿರುಪನ್ನೆಲ್ಲ ಬಿಗಿಮಾಡಲಾಗುತ್ತದೆ. ಸದ್ದೂ ಅಡಗುತ್ತದೆ, ಯಂತ್ರವೂ ನಿಲ್ಲುತ್ತದೆ. ಬೇರಿಂಗಿನಲ್ಲಿ ಎಣ್ಣೆ ನಿಲ್ಲುವಷ್ಟು ಕೂದಲೆಳೆಯ ಸಂದು ಇರಲೇಬೇಕು. ಅದನ್ನು ಹಿಸುಕಿದರೆ ಲೋಹವೇ ಲೋಹವನ್ನು ತಿನ್ನುತ್ತದೆ. ಶಾಲೆಗಿರುವುದು ಒಂದೇ ಮಾದರಿ. ಕೆಟ್ಟರೆ ಬೀರುವಿಗೆ ಸೇರುತ್ತದೆ, ಪಾಠವು ಪುಸ್ತಕದ ಚಿತ್ರದಲ್ಲೇ ಮುಗಿಯುತ್ತದೆ.

ಆದ್ದರಿಂದ ಕಿವಿಗೆ ಮೊದಲ ಕೆಲಸ. ಇಂಗ್ಲೆಂಡಿನ ಸ್ಟುವರ್ಟ್ ಟರ್ನರ್ ಕಂಪನಿಯ ‘10ವಿ’ ಎಂಬ ಹೆಸರಾಂತ ಮಾದರಿಯನ್ನು ನೋಡಬಹುದು. ಅದರ ಸಿಲಿಂಡರಿನ ಒಳವ್ಯಾಸ ಸುಮಾರು 19 ಮಿಲಿಮೀಟರ್. ಉಗಿಯು ಪಿಸ್ಟನ್ನನ್ನು ಮೇಲಿನಿಂದಲೂ ಕೆಳಗಿನಿಂದಲೂ ಸರದಿಯಂತೆ ತಳ್ಳುತ್ತದೆ. ಕನೆಕ್ಟಿಂಗ್ ರಾಡಿನ ತುದಿ ಸಡಿಲವಾಗಿದ್ದರೆ, ತಳ್ಳುವ ದಿಕ್ಕು ಬದಲಾದಾಗಲೆಲ್ಲ ಆ ಸಂದು ದಾಟಿ ಲೋಹಕ್ಕೆ ಲೋಹ ಬಡಿಯುತ್ತದೆ: ಸುತ್ತಿಗೆ ಎರಡು ಪೆಟ್ಟು. ಸುತ್ತಿಗೆ ಒಂದೇ ಪೆಟ್ಟು, ಅದೂ ಚಕ್ರವು ಒಂದೇ ಜಾಗಕ್ಕೆ ಬಂದಾಗ ಕೇಳಿದರೆ, ಪಿಸ್ಟನ್ ಸಿಲಿಂಡರಿನ ಮುಚ್ಚಳವನ್ನು ತಾಗುತ್ತಿರಬಹುದು.

ತಣ್ಣಗಿದ್ದಾಗ ಬಡಿದು, ಕಾದ ಮೇಲೆ ಸುಮ್ಮನಾದರೆ ಅದು ನೀರಿನ ಕೆಲಸ. ತಣ್ಣನೆಯ ಸಿಲಿಂಡರಿನಲ್ಲಿ ಉಗಿ ನೀರಾಗುತ್ತದೆ, ನೀರು ಕುಗ್ಗುವುದಿಲ್ಲ. ಬಲವಂತವಾಗಿ ಓಡಿಸಿದರೆ ರಾಡ್ ಬಾಗೀತು. ಬಸಿಯುವ ನಲ್ಲಿಯಿದ್ದರೆ ತೆರೆದು, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೀರನ್ನು ಹೊರಹಾಕಬೇಕು. ಮೇಟ್ಟುಪಾಳ್ಯದಿಂದ ಕೂನೂರಿಗೆ ಹತ್ತುವ ಉಗಿಬಂಡಿಯನ್ನು ಕಂಡಿರುವ ನೀಲಗಿರಿಯ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಉಗಿ ಎಂಜಿನ್ನುಗಳು ಹೊರಡುವಾಗ ಸಿಲಿಂಡರಿನ ಬುಡದಿಂದ ಬುಸುಗುಡುವುದು ಈ ನೀರನ್ನು ಚೆಲ್ಲಲೆಂದೇ.

ಮುಂದಿನ ಪರೀಕ್ಷೆ ಉಗಿ ಆರಿ, ಯಂತ್ರ ತಣಿದ ಮೇಲೆ. ಕ್ರ್ಯಾಂಕನ್ನು ಒಂದು ಕೈಯಲ್ಲಿ ಹಿಡಿದು ಫ್ಲೈವೀಲನ್ನು ಅಲುಗಿಸಬೇಕು. ಚಕ್ರವಷ್ಟೇ ಕದಲಿದರೆ ದೋಷವು ಅದನ್ನು ದಂಡಕ್ಕೆ ಹಿಡಿದಿರುವ ತಿರುಪಿನಲ್ಲಿದೆ. ಅತ್ಯಂತ ಮೋಸದ ಸದ್ದು ಇದೇ. ಬೇರಿಂಗನ್ನು ಬಿಚ್ಚಿ ನೋಡಿದ ಮೇಲೆ ಹೊಳೆಯುವಂಥದು. ಚಕ್ರ ಬಿಗಿಯಾಗಿದ್ದರೆ, ಪಿಸ್ಟನ್ನನ್ನು ನಡುದಾರಿಯಲ್ಲಿ ನಿಲ್ಲಿಸಿ, ರಾಡಿನ ಕೀಲಿನ ಮೇಲೆ ಮಗುವಿನ ಬೆರಳಿಡಿಸಿ, ಚಕ್ರವನ್ನು ಹಿಂದೆಮುಂದೆ ಮೆಲ್ಲನೆ ತೂಗಬೇಕು. ಚಕ್ರ ಸರಿದರೂ ಪಿಸ್ಟನ್ ಕದಲದ ಕ್ಷಣವನ್ನು ಬೆರಳು ಹಿಡಿಯುತ್ತದೆ. ಪಿಸ್ಟನ್ ತೀರ ಮೇಲೋ ಕೆಳಗೋ ಇರುವಾಗ ಈ ಪರೀಕ್ಷೆ ಸಲ್ಲದು. ಅಲ್ಲಿ ಸಡಿಲವಿಲ್ಲದಿದ್ದರೂ ಪಿಸ್ಟನ್ ಕದಲುವುದು ಅತ್ಯಲ್ಪ.

ಎರಡು ಹೋಳಿನ ಬೇರಿಂಗಾದರೆ, ಹೋಳುಗಳು ಕೂಡುವ ಮುಖವನ್ನು ಗಾಜಿನ ಮೇಲೆ ಹರಡಿದ ನಯವಾದ ಉಜ್ಜುಕಾಗದಕ್ಕೆ ನಾಲ್ಕೈದು ಬಾರಿಯಷ್ಟೇ ಉಜ್ಜಿ, ಜೋಡಿಸಿ, ಎಣ್ಣೆ ಬಿಟ್ಟು ತಿರುಗಿಸಿ ನೋಡಬೇಕು. ಇನ್ನೂ ಸಡಿಲವೆನಿಸಿದರೆ ಮತ್ತೆ ಬಿಚ್ಚಬೇಕು. ಅವಸರದಲ್ಲಿ ಹೆಚ್ಚು ಉಜ್ಜಿದ್ದನ್ನು ಮರಳಿ ತುಂಬಲಾಗದು. ಇಡಿಯಾದ ಬುಷ್ ಸವೆದಿದ್ದರೆ ಹೊಸದನ್ನು ಲೇತ್ ಇರುವವರಲ್ಲಿ ಮಾಡಿಸುವುದೇ ದಾರಿ.