ಚಿತ್ರ ಮಾರಿ ನೆರವಾಗುವ ಮುನ್ನ

(ಗುಡ್ಡ ಕುಸಿತದ ಸಂತ್ರಸ್ತರಿಗಾಗಿ ಚಿತ್ರ ಪ್ರದರ್ಶನ ಏರ್ಪಡಿಸಲಿರುವ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿಯೂ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡರು. ಇಂತಹ ವೇಳೆ ಮೊದಲ ವಾರ ಅಕ್ಕಿ, ಬಟ್ಟೆ ರಾಶಿಯಾಗಿ ಬರುತ್ತವೆ. ಮಳೆ ನಿಂತು, ಮನೆ ಕಟ್ಟುವ, ಮಕ್ಕಳ ಶುಲ್ಕ ತೆರುವ ಹೊತ್ತಿಗೆ ಕೇಳುವವರಿರುವುದಿಲ್ಲ. ನಿಮ್ಮ ಹಣ ಸಲ್ಲಬೇಕಾದುದು ಆ ಹೊತ್ತಿಗೆ. ಆದುದರಿಂದ ಕುಂಚ ಹಿಡಿಯುವ ಮೊದಲು ನೊಂದ ಕುಟುಂಬಗಳನ್ನು ಕಂಡು, ಅಗತ್ಯವೇನೆಂದು ಕೇಳಿರಿ.

ಖರ್ಚು ಹೆಚ್ಚಿದಷ್ಟೂ ನೆರವು ಕುಗ್ಗುತ್ತದೆ. ದುಬಾರಿ ಬಣ್ಣ, ಚೌಕಟ್ಟು ಬೇಕಿಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಕರಿಕಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಬಳಸುತ್ತಾರೆ. ಪುಂಡಿ ನಾರೇ ಅವರ ಕುಂಚ. ಅವರನ್ನು ಕರೆಸಿ ಕಲಿಯಿರಿ. ಕಲಿಸಿದವರ ಗೌರವಧನವನ್ನು ಲೆಕ್ಕದಲ್ಲಿ ಮೊದಲೇ ಬರೆದಿಡಿರಿ.

ನೊಂದವರ ಕಣ್ಣೀರನ್ನು ಬರೆದು ಮಾರಬೇಡಿರಿ. ಅವರ ಮಕ್ಕಳೂ ಆ ಚಿತ್ರಗಳನ್ನು ನೋಡುತ್ತಾರೆ. ಗದ್ದೆ, ತೋಟ, ಹಳ್ಳ, ಕಾಡುಗಳನ್ನು ಬರೆಯಿರಿ.

ಪ್ರತಿ ಚಿತ್ರಕ್ಕೂ ರಸೀದಿ ಕೊಡಿರಿ. ಹಣವನ್ನು ಇಬ್ಬರ ಸಹಿಯುಳ್ಳ ಬ್ಯಾಂಕ್ ಖಾತೆಯಲ್ಲಿಡಿರಿ. ಬಂದುದೆಷ್ಟು, ಖರ್ಚಾದುದೆಷ್ಟು, ಸಂತ್ರಸ್ತರಿಗೆ ಸಂದುದೆಷ್ಟು ಎಂಬುದನ್ನು ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಿರಿ. ಹತ್ತು ರೂಪಾಯಿ ಕೊಟ್ಟ ಕೂಲಿಕಾರನೂ ಅದನ್ನೋದಿ ಪ್ರಶ್ನಿಸುವಂತಿರಬೇಕು. ಈ ನಂಬಿಕೆ ಒಮ್ಮೆ ಕೆಟ್ಟರೆ, ಮುಂದಿನ ಮಳೆಗಾಲದಲ್ಲಿ ನೆರವು ಕೇಳಿ ಬಂದ ವಿದ್ಯಾರ್ಥಿಗಳಿಗೆ ಊರಿನ ಯಾವ ಬಾಗಿಲೂ ತೆರೆಯದು.