ಸಿಳ್ಳೆ ಹೊಡೆದ ಹಾಡು
(ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಭಾಷಣ ನನ್ನ ಕಸುಬಲ್ಲ. ಚಿಕ್ಕಂದಿನಲ್ಲೇ ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದವನು, ರಾತ್ರಿ ಶಾಲೆಯಲ್ಲಿ ಅಷ್ಟಿಷ್ಟು ಕಲಿತವನು. ಆದರೆ ಹೋದ ವರ್ಷ ಇದೇ ಸಭೆಯಲ್ಲಿ ನಡೆದ ಒಂದು ತಪ್ಪಿನಲ್ಲಿ ನನಗೂ ಪಾಲಿದ್ದುದರಿಂದ, ಕಾರ್ಯದರ್ಶಿಗಳು ಕರೆದಾಗ ಇಲ್ಲವೆನ್ನಲಾಗಲಿಲ್ಲ.

ಅಂದು ನಮ್ಮ ಹುಡುಗನೊಬ್ಬ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡಿದ. ಒಳ್ಳೆಯ ಕಂಠ. ಹಿಂದಿನ ಸಾಲಿನಿಂದ ಸಿಳ್ಳೆ ಬಿತ್ತು, ‘ಒನ್ಸ್ ಮೋರ್’ ಎಂಬ ಕೂಗೂ ಎದ್ದಿತು. ಕೂಗಿದವರಲ್ಲಿ ನಾನೂ ಒಬ್ಬ. ಕರಾವಳಿಯಿಂದ ಬಂದ ನಮಗೆ ಧಾರವಾಡದ ಮಾತು ಅರ್ಧ ತಿಳಿಯುತ್ತದೆ, ಅರ್ಧ ತಿಳಿಯದು. ನೋಡಬೇಡವೆಂದರೆ ಪ್ರೇಯಸಿಯ ಕಣ್ಣಿಗೆ ಸೋತವನ ಸಲ್ಲಾಪವೆಂದೇ ಎಣಿಸಿದ್ದೆವು. ಪಕ್ಕದಲ್ಲಿ ಗದಗಿನ ಕಡೆಯ ಹಿರಿಯರೊಬ್ಬರು ಕುಳಿತಿದ್ದರು. ೧೯೮೨ರ ಮುಷ್ಕರದವರೆಗೆ ಪರೇಲಿನ ಗಿರಣಿಯೊಂದರಲ್ಲಿ ಮಗ್ಗ ನಡೆಸಿದವರು. ಅವರು ಎದ್ದು ಹೊರಗೆ ನಡೆದರು. ಮೈಗೆ ಸರಿಯಿಲ್ಲವೇನೋ ಎಂದು ನಾನೂ ಹಿಂದೆ ಹೋದೆ.

“ತಮ್ಮಾ, ಅದು ಕೂಸು ಸತ್ತ ಮನಿ ಹಾಡು. ಅದಕ್ಕ ಸಿಳ್ಳಿ ಹೊಡೀತೀರೇನು?” ಎಂದರು.

ನಾಚಿಕೆಯಾಯಿತು. ಆಮೇಲೆ ಪುಸ್ತಕ ತೆಗೆದು ನಿಧಾನವಾಗಿ ಓದಿದೆ. ಆ ಕವನ ೧೯೩೮ರ ‘ನಾದಲೀಲೆ’ ಸಂಗ್ರಹದಲ್ಲಿದೆ. ಬೇಂದ್ರೆಯವರೂ ಮಡದಿ ಲಕ್ಷ್ಮೀಬಾಯಿಯವರೂ ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡವರು. ಅಂಥ ಒಂದು ಸಾವಿನ ಮನೆಯಲ್ಲಿ ತಾಯಿ ಅಳದೆ ಗಂಡನ ಮುಖವನ್ನೇ ನೋಡುತ್ತಾಳೆ. ಆ ನೋಟಕ್ಕೆ ಗಂಡನಲ್ಲಿ ಉತ್ತರವಿಲ್ಲ. ಹಾಗೆ ನೋಡಿದರೆ ನಾನು ನಿನ್ನನ್ನು ಹೇಗೆ ನೋಡಲಿ ಎನ್ನುತ್ತಾನೆ. ತುಟಿ ಕಚ್ಚಿ ಬಿಕ್ಕನ್ನು ತಡೆಯಬೇಡ, ಸುಳ್ಳು ನಗೆಯಲ್ಲಿ ದುಃಖ ಮುಚ್ಚಬೇಡ, ಅತ್ತುಬಿಡು ಎಂದು ಬೇಡಿಕೊಳ್ಳುತ್ತಾನೆ. ಹಗಲು ಹೊತ್ತಿನಲ್ಲಿ ಬಿಳಿಚಿಕೊಂಡು ಕಾಣುವ ಚಂದ್ರ ಅವನ ಕಣ್ಣಿಗೆ ಹೆಣವಾಗಿ ಕಾಣುತ್ತದೆ. ಇದರಲ್ಲಿ ಸಲ್ಲಾಪವೆಲ್ಲಿ ಬಂತು? ಪ್ರೀತಿಯಿಲ್ಲವೆಂದು ನಾನು ಹೇಳುತ್ತಿಲ್ಲ, ಇರುವುದೆಲ್ಲ ಪ್ರೀತಿಯೇ. ಆದರೆ ಅದು ಸಿಳ್ಳೆಗೆ ಸಿಕ್ಕುವ ಪ್ರೀತಿಯಲ್ಲ.

ಈ ಕವಿಗೆ ಕಷ್ಟ ಪುಸ್ತಕದಿಂದ ಬಂದದ್ದಲ್ಲ. ‘ನರಬಲಿ’ ಎಂಬ ಕವನಕ್ಕಾಗಿ ೧೯೩೨ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಹಿಂಡಲಗಾ ಸೆರೆಮನೆಗೆ ಹಾಕಿತು. ಅನಂತರ ಧಾರವಾಡದ ಹತ್ತಿರದ ಮುಗದದಲ್ಲಿ ನಿರ್ಬಂಧದಲ್ಲಿಟ್ಟಿತು. ಸರಿಯಾದ ನೌಕರಿಯಿಲ್ಲದೆ ವರ್ಷಗಳನ್ನೇ ಕಳೆದರು. ೧೯೪೪ರಿಂದ ೧೯೫೬ರ ತನಕ ಗಿರಣಿಗಳ ಊರಾದ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ೧೯೮೧ರ ಅಕ್ಟೋಬರಿನಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಈ ಮುಂಬಯಿಯಲ್ಲೇ.

ಇನ್ನು ಆ ಹಿರಿಯರ ಮಾತು. ಅವರು ಗಿರಣಿಯಲ್ಲಿ ಬದಲಿ ಕೆಲಸಗಾರರಾಗಿದ್ದಾಗ ಊರಿಂದ ತಂತಿ ಬಂತಂತೆ, ಮಗಳಿಗೆ ಜ್ವರವೆಂದು. ಊರಿಗೆ ಹೋದರೆ ಪಾಳಿ ಇನ್ನೊಬ್ಬನ ಪಾಲಾಗುತ್ತದೆ. ಎರಡು ದಿನ ತಡೆದರು. ಮನೆ ತಲುಪಿದಾಗ ಎಲ್ಲ ಮುಗಿದಿತ್ತು. ಹೆಂಡತಿ ಹೊಸ್ತಿಲಲ್ಲಿ ಕುಳಿತಿದ್ದಳು. ಬೈಯಲಿಲ್ಲ, ಅಳಲಿಲ್ಲ, ಬರಿದೇ ನೋಡಿದಳು. “ಅವತ್ತ ನನಗ ಬಾಯಿ ಬರಲಿಲ್ಲ ತಮ್ಮಾ. ನಾ ಅನ್ನಬೇಕಾಗಿದ್ದು ಬೇಂದ್ರೆ ಅಜ್ಜಾರು ಮೊದಲ ಅಂದಿಟ್ಟಿದ್ರು, ಆಮ್ಯಾಲ ಯಾರೋ ಹಾಡಿದಾಗ ತಿಳೀತು,” ಎಂದರು.

ನಮ್ಮಲ್ಲಿ ತಂತಿ ಬಂದ ಮೇಲೆ ಊರು ತಲುಪಿದವರು, ರಜೆ ಸಿಗದೆ ತಲುಪಲಾಗದೇ ಹೋದವರು ಎಷ್ಟು ಮಂದಿಯೋ. ಅವರು ಕೈ ಎತ್ತಬೇಕೆಂದು ನಾನು ಕೇಳುವುದಿಲ್ಲ.

ಅದೇ ಹುಡುಗ ಈ ಸಲವೂ ಅದೇ ಹಾಡನ್ನು ಹಾಡಲಿದ್ದಾನೆ. ಅರ್ಥ ತಿಳಿದುಕೊಂಡು ಬಂದಿದ್ದಾನೆ, ತಬಲಾ ಬೇಡವೆಂದಿದ್ದಾನೆ. ಆ ಹಿರಿಯರು ಮುಂದಿನ ಸಾಲಿನಲ್ಲಿದ್ದಾರೆ. ನಾನು ಕೂರುತ್ತೇನೆ, ಅವನು ಬರಲಿ.